ಓಬಿ ತುಂಬಿದ ಗಾಳಿ

ನಮ್ಮ ಮನೆಗೆ ಬಂದವರು ನಡುಮನೆಯ ಮೂಲೆ ನೋಡಿ, "ಅಲ್ಲಿ ಸಿಲಿಂಡರ್ ಇಡ್ತಿದ್ರೇನ್ರಿ?" ಎಂದು ಕೇಳುವುದುಂಟು. ಕೆಂಪು ಗಾರೆಯ ನೆಲದ ಮೇಲೆ ದುಂಡನೆಯ ಗುರುತೊಂದು ಉಳಿದುಬಿಟ್ಟಿದೆ. ಹೌದು ಎನ್ನುತ್ತೇನೆ. ಸುಳ್ಳೇನಲ್ಲ. ಚಳ್ಳಕೆರೆಯವರಿಗೆ ಸಿಲಿಂಡರು ಗೊತ್ತಿಲ್ಲದ್ದಲ್ಲ: ಮನೆಯದು, ಹೋಟೆಲಿನದು, ಕೂಲಿಗೆ ಬಂದವರು ಒಲೆಯ ಸಮೇತ ಹೊತ್ತು ತಿರುಗುವ ಗಿಡ್ಡದು. ಇವನ್ನು ಬಿಟ್ಟು ಇನ್ನೊಂದಿದೆ, ಅದರೊಳಗೆ ಬರೀ ಗಾಳಿ ಇರುತ್ತದೆ, ಅದನ್ನು ಬೆನ್ನಿಗೆ ಕಟ್ಟಿಕೊಂಡು ಜನ ಸಮುದ್ರದೊಳಕ್ಕೆ ಇಳಿಯುತ್ತಾರೆ ಎಂದು ಹೇಳಲು ಹೊರಟರೆ ಬಂದವರ ಕಾಫಿ ಆರಿಹೋಗುತ್ತದೆ. ನಾನು ಹೈಸ್ಕೂಲ್ ಟೀಚರಮ್ಮ. ಒಂದು ಪೀರಿಯಡ್ಡಿಗೆ ಕಡಿಮೆಯಾಗಿ ಯಾವುದನ್ನೂ ವಿವರಿಸಿ ಗೊತ್ತಿಲ್ಲ. ಅದಕ್ಕೇ ಸುಮ್ಮನಾಗುತ್ತೇನೆ. ನಿಮಗಾದರೆ ಹೇಳಬಹುದು, ನೀವು ಕಾಫಿ ಮುಗಿಸಿಯೇ ಕೂತಿರುತ್ತೀರಿ.

ಅದನ್ನು ತಂದವನು ನನ್ನ ತಮ್ಮ ಓಬಳೇಶ. ನಮಗೆಲ್ಲ ಓಬಿ. ಮುರುಡೇಶ್ವರದ ಕಡೆ, ಪ್ರವಾಸಿಗಳನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ ನೀರಿನೊಳಗಿನ ಮೀನು ತೋರಿಸಿಕೊಂಡು ಬರುವ ಒಂದು ಅಂಗಡಿಯಲ್ಲಿ ಅವನಿಗೆ ಕೆಲಸ. ಟ್ಯಾಂಕುಗಳಿಗೆ ಗಾಳಿ ತುಂಬುವುದು, ಹೊತ್ತು ದೋಣಿಗೆ ಹಾಕುವುದು, ಆಮೇಲಾಮೇಲೆ ತಾನೂ ಜನರ ಜೊತೆ ಮುಳುಗಿ ಅವರನ್ನು ಜೋಪಾನವಾಗಿ ಮೇಲೆ ತರುವುದು. ಮಳೆಗಾಲದಲ್ಲಿ ಸಮುದ್ರ ಕೆರಳುತ್ತದೆ, ಅಂಗಡಿಗೆ ಬೀಗ. ಆಗ ಇವನು ನನ್ನ ಮನೆಗೆ ಬರುತ್ತಿದ್ದ, ಅವ್ವ ನನ್ನ ಹತ್ತಿರವೇ ಇರುವುದರಿಂದ. ಒಂದು ಸಲ ಬರುವಾಗ ಅಂಗಡಿಯ ಹಳೇ ಟ್ಯಾಂಕೊಂದನ್ನು ಯಜಮಾನರ ಹತ್ತಿರ ಕೇಳಿ, ಗಾಳಿ ತುಂಬಿ, ಕಂಬಳಿಯಲ್ಲಿ ಸುತ್ತಿಕೊಂಡು ತಂದ. ಪರಿಚಯದ ಲಾರಿಯಲ್ಲಿ ಬಳ್ಳಾರಿಯವರೆಗೆ ಬಂದನಂತೆ; ಅಲ್ಲಿಂದ ಈಚೆ ಬರುವ ಬಸ್ಸಿನಲ್ಲಿ ಕಂಡಕ್ಟರು ಅದನ್ನು ಬೆರಳಿನಿಂದ ತಟ್ಟಿ, "ಏನಪ್ಪಾ ಇದು?" ಎಂದು ಕೇಳಿದನಂತೆ.

"ಗಾಳಿ, ಸಾರ್."

"ಗಾಳಿಗೆ ಟಿಕೆಟ್ ಇಲ್ಲ. ಡಬ್ಬಕ್ಕೆ ಐತೆ, ತಗೀ ದುಡ್ಡು."

ಇದನ್ನು ಓಬಿ ಹೇಳುವಾಗ ರಾಂಪುರದಲ್ಲಿ ಬಸ್ಸು ಹತ್ತಿದವರ ಮುಖವನ್ನೆಲ್ಲ ಮಾಡಿ ತೋರಿಸುತ್ತಿದ್ದ. ನಾವು ನಗುವುದು ನಿಂತರೆ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದ.

ಮಾರನೆಯ ದಿನವೇ ಅದನ್ನು ಕೊಂಡ್ಲಹಳ್ಳಿಗೆ ಹೊತ್ತುಕೊಂಡು ಹೋದ. ಅದು ಅವ್ವನ ತವರು, ನಾವಿಬ್ಬರೂ ಕುರಿಗಳ ಹಿಂದೆ ಓಡಾಡಿ ಬೆಳೆದದ್ದೂ ಅಲ್ಲೇ. ನಾನೂ ಜೊತೆಗೆ ಹೋಗಿದ್ದೆ. ನಮ್ಮ ಸೋದರಮಾವ ತಿಪ್ಪಯ್ಯ ಹಟ್ಟಿಯ ಮುಂದೆ ಕುರಿಮರಿಗೆ ಸೊಪ್ಪು ಕಟ್ಟುತ್ತಿದ್ದ. ಓಬಿ ಕಂಬಳಿ ಬಿಚ್ಚಿದ್ದೇ ತಡ, ಮಾವ ಎದ್ದು ಹಿಂದಕ್ಕೆ ಹಾರಿದ. ನೀವು ಬೇರೆ ಊರಿನವರಾದರೆ ಅದನ್ನು ಗ್ಯಾಸ್ ಸಿಲಿಂಡರ್ ಎಂದುಕೊಳ್ಳುತ್ತಿದ್ದಿರಿ. ನಮ್ಮವರು ಹಾಗಲ್ಲ. ಹಿಂದೆ ನಮ್ಮ ಕುರಿಗಳು ಮೇಯುತ್ತಿದ್ದ ವರವು ಕಾವಲ್ ಮೇಲೆ ಈಗ ಜನರಿಲ್ಲದ ವಿಮಾನ ಹಾರಿಸಿ ನೋಡುತ್ತಾರೆ. ಆವತ್ತಿನಿಂದ ಗುರುತಿಲ್ಲದ ಕಬ್ಬಿಣದ ಸಾಮಾನು ಏನೇ ಕಂಡರೂ ಅದು ಮೇಲಿನಿಂದ ಬಿದ್ದದ್ದು ಎಂದೇ ಲೆಕ್ಕ.

"ಏಮ್ರಾ ಇದಿ?" ಎಂದ ಮಾವ. ಅವನಿಗೆ ಗಾಬರಿಯಾದರೆ ತೆಲುಗು ಬರುತ್ತದೆ. "ಕಾವಲ್ನಾಗೆ ಬಿದ್ದಿದ್ದು ಎತ್ಕೊಂಡ್ ಬಂದೀಯೇನಲೇ? ಮಿಲ್ಟ್ರಿಯೋರು ಹುಡುಕ್ಕೊಂಡ್ ಬರ್ತಾರೆ. ಎಲ್ಲಿತ್ತೋ ಅಲ್ಲೇ ಇಟ್ಟು ಬಾ ಹೋಗು!"

"ಅಯ್ಯೋ, ಇದು ನೀರಾಗೆ ಉಸಿರಾಡೋ ಸಾಮಾನು ಕಣ್ ಮಾವ."

"ನೀರೆಲ್ಲೈತಲೇ ಇಲ್ಲಿ?"

ಅಷ್ಟರಲ್ಲಿ ಮಾವ ಕುರಿಗಳನ್ನೆಲ್ಲ ಆಚೆಗೆ ಹೊಡೆದು, ಗೋಣಿಚೀಲ ನೆನೆಸಿ ತಂದು ಟ್ಯಾಂಕಿನ ಮೇಲೆ ಹೊದಿಸಿಯಾಗಿತ್ತು. ಅವನ ಪ್ರಶ್ನೆಯೂ ನ್ಯಾಯವಾದದ್ದೇ. ಓಬಿಗೆ ನಮ್ಮ ಅಜ್ಜನ ಬಾವಿಯಲ್ಲಿ ಮುಳುಗಿ ಊರಿಗೆಲ್ಲ ತೋರಿಸಬೇಕೆಂಬ ಆಸೆ. ಬಾವಿಗೆ ಇಳಿದು ನೋಡಿದರೆ ನೀರು ಮೊಣಕಾಲಿಗೂ ಬರಲಿಲ್ಲ. ಆ ವೇಷದಲ್ಲಿ, ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು, ಕೆಸರಿನಲ್ಲಿ ನಿಂತು ಮೇಲೆ ನೋಡಿ ಹಲ್ಲು ಕಿರಿದ. ಬಾವಿಯ ಸುತ್ತ ನಿಂತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಳೆ ಬಂದು ಬಾವಿ ತುಂಬಲಿ, ಆಗ ತೋರಿಸ್ತೀನಿ ಎಂದು ಒಂದು ಚೂರೂ ಗಾಳಿ ಖರ್ಚು ಮಾಡದೆ ವಾಪಸು ತಂದ.

ಕುರಿ ಕಾಯುವವರ ಮನೆಯ ಹುಡುಗ ಸಮುದ್ರಕ್ಕೆ ಹೇಗೆ ಬಿದ್ದ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಿದ್ದರು. ಕುರಿಯಿಂದಲೇ. ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ಕಟ್ಟೆಯ ನೀರಿಗಿಳಿಸಿ ಮೈ ತೊಳೆಯುತ್ತೇವೆ, ಇಲ್ಲವಾದರೆ ಧೂಳು ತಿಂದು ಕತ್ತರಿ ಮೊಂಡಾಗುತ್ತದೆ. ಆ ದಿನ ದೊಡ್ಡವರು ಒಂದೊಂದೇ ಕುರಿಯ ಕತ್ತು ಹಿಡಿದು ಉಜ್ಜುತ್ತಿದ್ದರೆ, ಓಬಿ ಕುರಿಯ ಹೊಟ್ಟೆಯ ಕೆಳಗೆ ಮುಳುಗಿ ಆ ಕಡೆ ಏಳುತ್ತಿದ್ದ. ಒಂದು ಕುರಿಯಾಯಿತು, ಎರಡಾಯಿತು, ಸಾಲು ನಿಂತ ಕುರಿಗಳ ಕೆಳಗೆಲ್ಲ ಒಂದೇ ಉಸಿರಿನಲ್ಲಿ ನುಸುಳಿ ಹೋಗುವುದನ್ನು ಕಲಿತ. ದಡದಲ್ಲಿ ಅವ್ವ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳುತ್ತಿದ್ದಳು.

ನಾನು ಈಜು ಕಲಿಯಲಿಲ್ಲ. ಕಲಿಸಲಿಲ್ಲವೆಂದಲ್ಲ. ಚಳ್ಳಕೆರೆಯಿಂದ ಅಪ್ಪ ತರುತ್ತಿದ್ದ ಖಾಲಿ ಎಣ್ಣೆ ಡಬ್ಬಕ್ಕೆ ಬಾಯಿ ಬೆಸೆಸಿ ಬೆನ್ನಿಗೆ ಕಟ್ಟಿ ನಮ್ಮನ್ನು ಬಾವಿಗೆ ಬಿಡುತ್ತಿದ್ದರು. ದಪ್ಪಗಿದ್ದ ನನಗೂ ಕಡ್ಡಿಯಂತಿದ್ದ ಓಬಿಗೂ ಅದೇ ಡಬ್ಬ. ನನ್ನ ಸರದಿಯಲ್ಲಿ ಹಗ್ಗ ಜಾರಿತು. ಡಬ್ಬ ತೇಲಿತು, ನಾನು ಮುಳುಗಿದೆ. ಓಬಿ ನನ್ನ ಜಡೆ ಹಿಡಿದು ಎಳೆದು ಮೆಟ್ಟಿಲಿಗೆ ತಂದ. ನನಗಿಂತ ಚಿಕ್ಕವನು, ನನ್ನನ್ನು ಎಳೆದು ತಂದದ್ದನ್ನು ನನ್ನ ಮದುವೆಯಲ್ಲಿ ಗಂಡಿನ ಕಡೆಯವರಿಗೂ ಹೇಳಿ ನಗಿಸಿದ. ಇವತ್ತಿಗೂ ನಾನು ತಲೆಗೆ ನೀರು ಹಾಕಿಕೊಳ್ಳುವಾಗ ಕಣ್ಣು ಬಿಟ್ಟುಕೊಂಡೇ ಇರುತ್ತೇನೆ.

ಮುಂದೆ ಅವನು ಎಣ್ಣೆ ಲಾರಿಯಲ್ಲಿ ಕ್ಲೀನರಾಗಿ ಕರಾವಳಿಗೆ ಹೋದವನು ಒಮ್ಮೆ ಅಲ್ಲೇ ಉಳಿದ. ಟ್ಯಾಂಕು ಹೊರಲು ಜನ ಬೇಕಾಗಿತ್ತಂತೆ. ಹೆಗಲ ಮೇಲೆ ಕುರಿ ಹೊತ್ತು ಗುಡ್ಡ ಇಳಿದವನಿಗೆ ಅದೇನು ದೊಡ್ಡದು.

ಆ ಮಳೆಗಾಲವೆಲ್ಲ ಟ್ಯಾಂಕು ನಡುಮನೆಯ ಮೂಲೆಯಲ್ಲಿ ನಿಂತಿತ್ತು. ಅವ್ವ ಕಡಲೆಕಾಯಿ ಸುಲಿಯುತ್ತ ಅದನ್ನೇ ನೋಡುತ್ತ ಕೂರುತ್ತಿದ್ದಳು. ಒಂದು ಸಂಜೆ ಕೇಳಿದಳು: "ಅಲ್ಲ ಕಣೋ ಓಬಣ್ಣ, ದಪ್ಪನೋರು ಬರ್ತಾರೆ, ಸಣ್ಣೋರು ಬರ್ತಾರೆ. ಎಲ್ರಿಗೂ ಇದೇ ಅಳತೇದು ಕೊಡ್ತೀರಾ?"

"ಬಹಳ ಮಾಡಿ ಇದೇ ಅಳತೇದು, ಅವ್ವ. ಇದಕ್ಕಿಂತ ದೊಡ್ಡದು ಕೊಟ್ರೆ ಹೊತ್ಕೊಂಡು ಮೇಲೇಳಾಕೇ ಆಗಲ್ಲ. ಸಣ್ಣದು ಕೊಟ್ರೆ ಮೀನು ಕಾಣೋದ್ರಾಗೆ ಗಾಳಿ ಮುಗೀತೈತೆ. ಆಮ್ಯಾಲೆ ದೋಣಿಯಾಗೆ ಇಡೋ ಗೂಡು ಒಂದೇ ಅಳತೆ, ಬೆನ್ನಿಗೆ ಬಿಗಿಯೋ ಪಟ್ಟಿ ಒಂದೇ ಅಳತೆ. ಒಂದು ಕೆಟ್ರೆ ಇನ್ನೊಂದು ಎತ್ತಿ ಕೊಡಬೋದು. ಯಾರ ಸೊಂಟಕ್ಕೆ ಎಷ್ಟು ಸೀಸದ ತೂಕ ಕಟ್ಟಿದ್ರೆ ನೆಟ್ಟಗೆ ಮುಳುಗ್ತಾರೆ ಅನ್ನೋದೂ ನಮಗೆ ಅಂದಾಜಿರ್ತೈತೆ. ದಿನಕ್ಕೊಂದು ಅಳತೆ ಆದ್ರೆ ತಲೆ ಕೆಡ್ತೈತೆ."

"ಅಂಗಾದ್ರೆ ಎಲ್ರಿಗೂ ಒಂದೇ ಹೊತ್ತು ಬರ್ತೈತಾ?"

"ಎಲ್ಲಿ ಬರ್ತೈತೆ? ಹೆದ್ರೋರು ಗಬಗಬ ಮುಗಿಸ್ತಾರೆ. ಸಮಾಧಾನ ಇರೋರಿಗೆ ಜಾಸ್ತಿ ಹೊತ್ತು. ಒಂದು ಗಂಟೆ ಬಂದ್ರೆ ಅವ್ರು ಭಾಳ ಗಟ್ಟಿಗ್ರು. ಯಾರ್ದು ಮೊದ್ಲು ತಳ ಮುಟ್ತೈತೋ, ಅವರ ಜೊತೆ ಎಲ್ರೂ ಮ್ಯಾಕೆ ಬರ್ಬೇಕು."

"ಕುಂಟ ಕುರಿ ಇದ್ರೆ ಮಂದೇನೆಲ್ಲ ನಿಧಾನಕ್ಕೆ ಹೊಡ್ಯಲ್ವಾ, ಅಂಗೆ" ಎಂದಳು ಅವ್ವ.

ನಾನು ಮಧ್ಯೆ ಬಾಯಿ ಹಾಕಿ, ನನಗಾದರೆ ಎಷ್ಟು ಹೊತ್ತು ಬರುತ್ತದೆ ಎಂದೆ. "ನಿಂಗಾ ಅಕ್ಕ? ದೋಣಿಯಾಗೇ ಪಾಠ ಮಾಡ್ತಾ ಅರ್ಧ ಖಾಲಿ ಮಾಡಿರ್ತೀಯ" ಎಂದ.

ಆಮೇಲೆ ಅವ್ವನನ್ನು ಟ್ಯಾಂಕಿನ ಹತ್ತಿರ ಕೂರಿಸಿಕೊಂಡು, ಮೇಲಿನ ಕರಿಯ ತಿರುಪನ್ನು ಅವಳ ಕೈಯಿಂದಲೇ ಒಂದು ಕೂದಲೆಳೆಯಷ್ಟು ತಿರುಗಿಸಿದ. ಹಿಸ್ ಎಂದು ಗಾಳಿ ಬಂತು. ಅವ್ವ ಮುಖ ಒಡ್ಡಿದಳು. ಹಣೆಯ ಮೇಲಿನ ಬಿಳಿಗೂದಲು ಹಾರಿತು.

"ತಣ್ಣಗೈತೆ" ಎಂದಳು. "ವಾಸ್ನೆ ಇಲ್ಲ."

"ಇರಬಾರ್ದು ಕಣವ್ವ. ದೋಣಿ ಹೊಗೆ ಸೇರಬಾರ್ದು ಅಂತ ಗಾಳಿ ಯಾವ ಕಡೆ ಬೀಸ್ತೈತೆ ನೋಡ್ಕೊಂಡು, ಸಮುದ್ರದ ಕಡೆ ಕಿಟಕಿ ತಗ್ದು ತುಂಬ್ತೀವಿ. ಇದು ನಾನೇ ನಿಂತು ತುಂಬಿದ್ದು."

ಅಷ್ಟೇ ಸಾಕು ಎಂದು ಅವನೇ ತಿರುಪು ಮುಚ್ಚಿದ. ಬಾವಿ ತುಂಬುವವರೆಗೂ ಉಳಿಯಬೇಕಲ್ಲ.

ಅಳತೆಯ ಮಾತು ಬಂತಲ್ಲ, ಕಂಬಳಿಯ ವಿಷಯ ಹೇಳಿಬಿಡುತ್ತೇನೆ. ಕಂಬಳಿ ನೇಯುವವರು ಹೊದೆಯುವವನನ್ನು ಕೇಳಿ ನೇಯುವುದಿಲ್ಲ. ಮಗ್ಗಕ್ಕೆ ಒಂದಳತೆ. ಗಿಡ್ಡನಾದರೆ ಕಾಲ ಬಳಿ ಮಡಿಕೆ ಉಳಿಯುತ್ತದೆ, ಉದ್ದದವನ ಕಾಲು ಆಚೆಗೆ. ನಮ್ಮ ವಂಶದಲ್ಲೇ ಇಲ್ಲದಷ್ಟು ಎತ್ತರ ಬೆಳೆದಿದ್ದ ಓಬಿ ಚಳಿಗಾಲದಲ್ಲಿ ತಲೆ ಮುಚ್ಚಿಕೊಂಡರೆ ಪಾದ ಬಯಲು, ಪಾದ ಮುಚ್ಚಿಕೊಂಡರೆ ತಲೆ ಬಯಲು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಸುಮ್ನೆ ಅಂದವ್ರಾ? ಮುದುರ್ಕೊಳೋ" ಎಂದು ಅವ್ವ ಬೈಯುತ್ತಿದ್ದಳು. ಬೈದು, ಅವನು ನಿದ್ದೆ ಹೋದ ಮೇಲೆ ತನ್ನ ಹಳೇ ಸೀರೆ ತಂದು ಅವನ ಪಾದಕ್ಕೆ ಸುತ್ತುತ್ತಿದ್ದಳು.

ಮಳೆ ಕೊನೆಗೂ ಬಂತು. ಬಾವಿ ತುಂಬುತ್ತಿದೆ ಎಂದು ಮಾವ ಫೋನು ಮಾಡಿದ. ಹೋಗಲು ಓಬಿಗೆ ಆಗಲಿಲ್ಲ, ಜ್ವರ ಹಿಡಿದಿತ್ತು. ಡೆಂಗ್ಯೂ ಎಂದರು. ಮೊದಲು ಇಲ್ಲಿ ತೋರಿಸಿದೆವು, ಆಮೇಲೆ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆವು. ಡಾಕ್ಟರುಗಳು ಮಾಡುವುದನ್ನೆಲ್ಲ ಮಾಡಿದರು. ಮೂಗಿಗೆ ಆಕ್ಸಿಜನ್ ಹಾಕಿದ್ದರು. ಮಂಚದ ಪಕ್ಕದಲ್ಲಿ ನಿಂತಿದ್ದ ಆ ಎತ್ತರದ ಸಿಲಿಂಡರನ್ನು ಕಣ್ಣಲ್ಲೇ ತೋರಿಸಿ, "ಅಕ್ಕ, ಇದು ನಮ್ಮಳತೇದಲ್ಲ" ಎಂದ. ನನಗೆ ನಗು ಬಂತು. ಅವನು ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ಕೊಂಡ್ಲಹಳ್ಳಿಯಲ್ಲೇ ಮಣ್ಣು ಮಾಡಿದೆವು. ಮೈಮೇಲೆ ಹೊದಿಸಿದ ಕಂಬಳಿಯಿಂದ ಪಾದಗಳು ಹೊರಗಿದ್ದವು. ಅವ್ವ ಎಲ್ಲರನ್ನೂ ತಳ್ಳಿಕೊಂಡು ಬಂದು ಪಾದಗಳ ಹತ್ತಿರ ಕೂತಳು. ಯಾರೋ ಪಕ್ಕಕ್ಕೆ ಬಾರಮ್ಮ ಎಂದರು. ಅವಳು ಸೆರಗಿನಿಂದ ಮುಚ್ಚುವುದು, ಸೆರಗು ಜಾರುವುದು, ಮತ್ತೆ ಮುಚ್ಚುವುದು. ಇಷ್ಟು ಬರೆದು, ಪೆನ್ನು ಮುಚ್ಚಿಟ್ಟು ಹಿತ್ತಲಿಗೆ ಹೋಗಿ ಬಂದೆ. ನಾನು ಹೆತ್ತವಳಲ್ಲ, ಬರೀ ಅಕ್ಕ. ನನಗೇ ಹೀಗಾದರೆ ಅವಳಿಗೆ ಹೇಗಾಗಿರಬೇಡ.

ಹನ್ನೊಂದನೆಯ ದಿನ ನಮ್ಮಲ್ಲಿ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುತ್ತೇವೆ. ಮುದ್ದೆ, ಹುರುಳಿಕಾಳು ಸಾರು, ಬೋಂಡ, ಒಂದು ಕಟ್ಟು ಬೀಡಿ. ಹಿಂದೆ ಟ್ಯಾಂಕಿನ ಮೇಲೆ ನೆನೆದ ಗೋಣಿಚೀಲ ಹೊದಿಸಿದ್ದ ಮಾವ ಈಗ ತಾನೇ ಅದನ್ನು ನನ್ನ ಮನೆಯಿಂದ ಹೊತ್ತು ತಂದು ಎಡೆಯ ಪಕ್ಕ ನಿಲ್ಲಿಸಿ ವಿಭೂತಿ ಬಳಿದ. ಸ್ವಲ್ಪ ಬಿಚ್ಚೋಣವೇನಕ್ಕ ಎಂದು ಅವ್ವನನ್ನು ಕೇಳಿದ.

"ಮುಟ್ಬ್ಯಾಡ" ಎಂದಳು ಅವ್ವ. "ಅದು ತುಂಬೈತೆ."

ಹಾಗೆ ಅದು ಮತ್ತೆ ನನ್ನ ನಡುಮನೆಗೆ ಬಂತು. ಅವ್ವ ಒರೆಸಿ, ಓಬಿಯ ಒಂದು ಟವೆಲ್ಲು ಹೊದಿಸಿದಳು. ನಾನು ಅದರ ಕಡೆ ನೋಡದೆ ಓಡಾಡುವುದನ್ನು ಅಭ್ಯಾಸ ಮಾಡಿಕೊಂಡೆ. ಆದರೆ ಶಾಲೆಯಲ್ಲಿ, ಹುಡುಗರು ಏನೋ ಬರೆದುಕೊಳ್ಳುತ್ತ ಕೂತಾಗ, ಇದ್ದಕ್ಕಿದ್ದಂತೆ ಅದು ನೆನಪಾಗುತ್ತಿತ್ತು. ಅವನು ಕಿಟಕಿ ತೆಗೆದು, ನಿಂತು, ಗಾಳಿಯ ದಿಕ್ಕು ನೋಡಿ ತುಂಬಿದ್ದು ಇನ್ನೂ ಹಾಗೇ ಇದೆ, ಮನೆಗೆ ಹೋದರೆ ಇರುತ್ತದೆ ಎಂದುಕೊಳ್ಳುತ್ತಿದ್ದೆ. ವಿಜ್ಞಾನದ ಮೇಷ್ಟ್ರಿಗೆ ಹೇಳಿದ್ದರೆ ಗಾಳಿ ಎಲ್ಲ ಕಡೆಯೂ ಒಂದೇ ಎನ್ನುತ್ತಿದ್ದರು. ಹೇಳಲಿಲ್ಲ. ಕೆಲವು ದಿನ ಆ ಒಂದು ಯೋಚನೆಯಿಂದಲೇ ನಾನು ಮನೆಗೆ ನಡೆದು ಬಂದಿದ್ದೇನೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಓಬಿಯ ಜೊತೆ ಕೆಲಸ ಮಾಡುತ್ತಿದ್ದ ಮಂಜು ಎಂಬ ಹುಡುಗ ಅವ್ವನನ್ನು ನೋಡಲು ಬಂದ. ಒಂದೇ ಕೋಣೆಯಲ್ಲಿ ಇದ್ದವರು. ಅವ್ವನ ಕೈ ಹಿಡಿದುಕೊಂಡು ಕೂತ. ಆಮೇಲೆ ಅವನ ಕಣ್ಣು ಮೂಲೆಗೆ ಹೋಯಿತು. ಟವೆಲ್ಲು ಸರಿಸಿ, ಟ್ಯಾಂಕಿನ ಕತ್ತಿನ ಮೇಲೆ ಕೊರೆದಿದ್ದ ತಾರೀಖು ನೋಡಿ, ನನ್ನನ್ನು ಹೊರಗೆ ಕರೆದ.

"ಅಕ್ಕ, ಇದರ ಪರೀಕ್ಷೆ ಅವಧಿ ಮುಗಿದು ಹೋಗಿದೆ. ಮೇಲೆ ತಗಡಿನ ಮಾಡು ಬೇರೆ, ನಿಮ್ಮೂರ ಬಿಸಿಲು ಬೇರೆ. ತುಂಬಿದ್ದನ್ನು ಹೀಗೆ ಇಟ್ಕೊಳ್ಳೋದು ಒಳ್ಳೇದಲ್ಲ. ಖಾಲಿ ಮಾಡಿ ಕೊಡಿ, ತಗೊಂಡು ಹೋಗ್ತೆ. ಪರೀಕ್ಷೆಲಿ ಪಾಸಾದ್ರೆ ಮತ್ತೆ ಕೆಲಸಕ್ಕೆ ಬರ್ತದೆ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಅವ್ವನಿಗೆ ಹೇಳುವವರು ಯಾರು? ಮಂಜುವನ್ನು ಆ ದಿನ ಉಳಿಸಿಕೊಂಡೆ. ಮಾವನಿಗೆ ಫೋನು ಮಾಡಿ ಬೆಳಿಗ್ಗೆ ಬರಲು ಹೇಳಿದೆ. ನನ್ನ ಮನಸ್ಸಿನಲ್ಲೇ ಒಂದು ಏರ್ಪಾಟು ಮಾಡಿಕೊಂಡೆ: ಎಲ್ಲರೂ ಸ್ನಾನ ಮಾಡಿ ಸುತ್ತ ಕೂರೋಣ, ನಿಧಾನಕ್ಕೆ ಬಿಚ್ಚೋಣ, ಮೊದಲು ಅವ್ವ ಮುಖ ಒಡ್ಡಲಿ, ಆಮೇಲೆ ನಾನು, ಆಮೇಲೆ ಮಾವ. ಒಂದೇ ಸಲ ಬುಸ್ಸೆಂದು ಬಿಟ್ಟುಬಿಡುವುದು ಬೇಡ. ನನ್ನ ಸರದಿ ಬಂದಾಗ ಅಳಬಾರದು, ಅತ್ತರೆ ಮೂಗು ಕಟ್ಟುತ್ತದೆ ಎಂದೂ ಯೋಚಿಸಿದ್ದೆ. ನಗಬೇಡಿ.

ಬೆಳಿಗ್ಗೆ ಮಾವ ಬಂದ. ನಾನು ವಿಷಯ ಹೇಳಿದೆ. ಅವ್ವ ಗೋಡೆಗೆ ಒರಗಿ ಕೂತೇ ಇದ್ದಳು. ಮಂಜು ಟ್ಯಾಂಕಿಗೆ ಕೈ ಮುಗಿದು ತಿರುಪು ಹಿಡಿದ. ಸ್ವಲ್ಪ ತಿರುಗಿಸಿದ. ಇನ್ನೂ ಸ್ವಲ್ಪ ತಿರುಗಿಸಿದ. ಕೊನೆಗೆ ಪೂರ್ತಿ ತಿರುಗಿಸಿದ. ಸದ್ದಿಲ್ಲ. ನಾನು ಬಗ್ಗಿ ಕೆನ್ನೆ ಒಡ್ಡಿದೆ. ಏನೂ ಇಲ್ಲ.

"ಎಂತ ಆಯ್ತು ಗೊತ್ತಾಗ್ತಿಲ್ಲ ಅಕ್ಕ. ಸೋರಿ ಹೋಗಿರಬೇಕು" ಎಂದ ಮಂಜು.

"ಸೋರಿಲ್ಲ" ಎಂದಳು ಅವ್ವ.

ಎಲ್ಲರೂ ಅವಳ ಕಡೆ ತಿರುಗಿದೆವು. ಅವಳು ನನ್ನನ್ನು ಮಾತ್ರ ನೋಡಿ ಹೇಳಿದಳು: "ನೀನು ಸ್ಕೂಲಿಗೆ ಹೋದ್ಮ್ಯಾಲೆ ದಿನಾ ಒಂದೀಟು ಬಿಡ್ತಿದ್ದೆ. ಒಂದೇ ಒಂದೀಟು. ಮುಖಕ್ಕೆ ಹಿಡ್ಕೊಂಡು ಮತ್ತೆ ಬಿಗಿ ಮಾಡ್ತಿದ್ದೆ. ಹಬ್ಬದ ದಿನ ಮಾತ್ರ ಎರಡು ಸಲ. ಕೊನೆಕೊನೆಗೆ ಸದ್ದೇ ಬರ್ತಿರಲಿಲ್ಲ, ಕಿವಿ ಇಟ್ಟು ಕೇಳ್ತಿದ್ದೆ. ಶಿವರಾತ್ರಿ ಆದ್ಮ್ಯಾಲೆ ಮುಗೀತು."

"ನಂಗೆ ಯಾಕೆ ಹೇಳ್ಲಿಲ್ಲವ್ವ?"

"ಮುಗೀತು ಅಂದ್ರೆ ನೀವು ಎತ್ತಿ ಆಚೆ ಇಡ್ತಿದ್ರಿ."

ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಅವ್ವನ ಮೇಲೆ ಸಿಟ್ಟು ಬಂತು. ನನಗೊಂದು ಉಸಿರು ಉಳಿಸಬಾರದಿತ್ತೇ? ಜಡೆ ಹಿಡಿದು ಎಳೆದು ಬದುಕಿಸಿದ್ದು ನನ್ನನ್ನಲ್ಲವೇ? ಶಿವರಾತ್ರಿಯಾದ ಮೇಲೂ ನಾನು ಶಾಲೆಯಲ್ಲಿ ಕೂತು, ಮನೆಯಲ್ಲಿ ಅದು ಇದೆ ಎಂದುಕೊಂಡು ಮನೆಗೆ ಬರುತ್ತಿದ್ದೆನಲ್ಲ. ಸಿಟ್ಟು ಬಂದಷ್ಟೇ ಬೇಗ ಇಳಿಯಿತು. ನೀರಿನೊಳಗೆ ಗಟ್ಟಿಗರಿಗೆ ಒಂದು ಗಂಟೆ ಬರುವ ಗಾಳಿ. ಅದನ್ನು ನನ್ನ ಅವ್ವ ದೀಪಾವಳಿ ದಾಟಿಸಿ, ಸಂಕ್ರಾಂತಿ ದಾಟಿಸಿ, ಒಬ್ಬಳೇ ಕೂತು, ಆಸೆಯನ್ನು ಬಿಗಿಹಿಡಿದು ಬಿಗಿಹಿಡಿದು ಅಷ್ಟು ದೂರ ತಂದಿದ್ದಳು. ಪಕ್ಕದ ಕೋಣೆಯಲ್ಲಿ ಮಲಗುವ ನನಗೆ ಅದು ತಿಳಿಯಲೇ ಇಲ್ಲ. ಮಾವ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಕಣ್ಣಿಗೆ ಒತ್ತಿಕೊಂಡ.

ಅವ್ವ ನೆಲಕ್ಕೆ ಕೈ ಊರಿ ಎದ್ದಳು. ಸೆರಗಿನಿಂದ ಟ್ಯಾಂಕಿನ ಮೈ ಒರೆಸಿದಳು, ಕುರಿಮರಿಯ ಮೈ ಒರೆಸಿದ ಹಾಗೆ. "ತಗಂಡ್ ಹೋಗಪ್ಪ" ಎಂದಳು ಮಂಜುವಿಗೆ. "ಯಾರ್ ಬೆನ್ನಿಗಾದ್ರೂ ಆಗ್ಲಿ."

ಮಂಜುವಿಗೆ ತಡೆಯಲಾಗಲಿಲ್ಲ. "ನಾನು ತುಂಬಿಸಿ ತಂದು ಕೊಡ್ತೆ ಅಮ್ಮ. ಅದೇ ಮಷಿನ್ನು, ಅದೇ ಕಿಟಕಿ. ಓಬಿ ಹೇಗೆ ತುಂಬ್ತಿದ್ನೋ ಹಾಗೇ ತುಂಬ್ತೆ" ಎಂದ.

ಅವ್ವ ಅವನ ತಲೆಯ ಮೇಲೆ ಕೈ ಇಟ್ಟಳು.

"ಬ್ಯಾಡ ಮಗ. ನೀನು ತುಂಬಿದ್ದು ನಿಮ್ಮವ್ವಂದು."